ಆಯಿಲ್ ಫಿಲ್ಟರಿನ ಮೂರನೆಯ ಬೋಲ್ಟು

ಧೈರ್ಯವಿದ್ದರೆ ಇದನ್ನು ನಂಬದೆ ಇರಿ, ನೋಡೋಣ.

ಎಪ್ಪತ್ತು ದಾಟಿದ ಮುದುಕ, ಅದರಲ್ಲೂ ಉಡುಪಿಯಿಂದ ಕಾರ್ಕಳಕ್ಕೆ ಖಾಸಗಿ ಬಸ್ಸು ಓಡಿಸಿಕೊಂಡು ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಂಗ ಮಾಡಿದವನು, ನಿಜ ಹೇಳುತ್ತಾನೆಯೇ ಎಂದು ನೀವು ಈಗಾಗಲೇ ತುಟಿ ಓರೆ ಮಾಡಿರಬಹುದು. ಮಾಡಿ, ಬೇಸರವಿಲ್ಲ. ಮಣಿಪಾಲದಲ್ಲಿ ಹತ್ತಿದ ಉತ್ತರ ಭಾರತದ ಕಡೆಯ ಕಾಲೇಜು ಹುಡುಗರಿಗೆ, ಹಿರಿಯಡ್ಕ ದಾಟಿದ ಮೇಲೆ ಪಾಸ್‌ಪೋರ್ಟು ತೋರಿಸಬೇಕಾಗುತ್ತದೆ ಎಂದು ಕಂಡಕ್ಟರನ ಬಾಯಿಂದ ಹೇಳಿಸಿದವನು ನಾನೇ. ಅವರಲ್ಲಿ ಒಬ್ಬ ಇಳಿದು ರೂಮಿಗೆ ಓಡಿ ಪಾಸ್‌ಪೋರ್ಟು ತಂದೂ ಬಿಟ್ಟ. ಅಲ್ಲಿಯವರೆಗೆ ಬಸ್ಸು ನಿಲ್ಲಿಸಿದ್ದೆ. ಅಷ್ಟು ಮಾನವೀಯತೆ ನನಗೂ ಉಂಟು.

ಇಷ್ಟು ಜನರ ತಲೆ ಕೆಡಿಸಿದ ನನ್ನ ತಲೆಯನ್ನು ಕಿರುಬೆರಳಿಗಿಂತ ಸಣ್ಣ ಒಂದು ಬೋಲ್ಟು ಕೆಡಿಸಿತು. ಅದರ ಕಥೆ ಇದು. ಮಾತುಗಳೆಲ್ಲ ನಡೆದದ್ದು ಹೆಚ್ಚಾಗಿ ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಬೈಗುಳಗಳನ್ನು ಮಾತ್ರ ಬಿಟ್ಟಿದ್ದೇನೆ, ಅವು ಕನ್ನಡದಲ್ಲಿ ಸಪ್ಪೆಯಾಗುತ್ತವೆ.

ಬೈಕು ನನ್ನದಲ್ಲ, ಭಾವನದು. ಭಾವ ಎಂದರೆ ನನ್ನ ಹೆಂಡತಿಯ ತಮ್ಮ. ನಮ್ಮ ಕಡೆ ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಭಾವ ಸಿಕ್ಕಿದರೆ ಮೊದಲು ಕಾಲೆಳೆಯಬೇಕು, ಆಮೇಲೆ ಕ್ಷೇಮ ಕೇಳಬೇಕು, ಅದು ಕ್ರಮ. ಕ್ರಮ ತಪ್ಪಿ ಒಬ್ಬ ಇನ್ನೊಬ್ಬನೊಡನೆ ಮರ್ಯಾದೆಯಿಂದ ಮಾತಾಡಿದರೆ, ಇವರೊಳಗೆ ಏನೋ ಆಗಿದೆ ಎಂದು ಅಡುಗೆಮನೆಯಲ್ಲಿದ್ದ ಹೆಂಗಸರಿಗೂ ಗೊತ್ತಾಗುತ್ತದೆ.

ಅವನ ಮನೆ ಕಾಪುವಿನ ಕಡಲ ಬದಿಯಲ್ಲಿ, ನನ್ನದು ಇನ್ನಂಜೆಯಲ್ಲಿ. ಬೆಳಕು ಹರಿಯುವ ಮೊದಲು ಬಂದರಿಗೆ ಹೋಗಿ, ಬೈಕಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು, ಉಡುಪಿ, ಮಣಿಪಾಲ, ಕಾರ್ಕಳ ದಾಟಿ, ಬಜಗೋಳಿಯ ಒಳದಾರಿಗಳಲ್ಲಿ ಮನೆಮನೆಗೆ ಮೀನು ಮಾರುವುದು ಅವನ ಕೆಲಸ. ಅಷ್ಟು ದೂರ ಏಕೆ ಎಂದರೆ, ಹತ್ತಿರದ ದಾರಿಗಳೆಲ್ಲ ಬೇರೆಯವರ ಲೈನು. ಈ ಲೈನು ಎಂಬುದು ಎಲ್ಲಿಯೂ ಬರೆದಿಟ್ಟದ್ದಲ್ಲ. ದಿನಾ ಅದೇ ಹೊತ್ತಿಗೆ ಅದೇ ತಾಳದಲ್ಲಿ ಹಾರ್ನು ಒತ್ತಿಕೊಂಡು ಹೋದರೆ ಆ ದಾರಿಯ ಮನೆಗಳು ನಿಮ್ಮವು. ಎರಡು ಮೂರು ದಿನ ಹಾರ್ನು ಕೇಳಿಸದಿದ್ದರೆ ದಾರಿ ಮೊದಲು ಬಂದವನದು. ಆಮೇಲೆ ಜಗಳ ಮಾಡುವ ಹಾಗಿಲ್ಲ. ಭಾವ ಮಳೆ, ಬಿಸಿಲು, ನಾಯಿ ಎಲ್ಲವನ್ನೂ ತಾಳಿಕೊಂಡು ಕಟ್ಟಿದ ಲೈನು ಅದು, ಮನೆ ನಡೆಯುವುದು ಅದರಿಂದಲೇ. ಕೆಲವು ತಿಂಗಳಿಂದ ಒಂದು ಪಿಕಪ್ ಗಾಡಿ ಮೈಕು ಕಟ್ಟಿಕೊಂಡು ಬಜಗೋಳಿ ಪೇಟೆಯವರೆಗೆ ಬಂದು, ಒಳದಾರಿಯನ್ನು ಇಣುಕಿ ನೋಡಿ ಹೋಗುತ್ತಿತ್ತು.

ಸೋಮವಾರ ಹೆಚ್ಚಿನ ಮನೆಗಳಲ್ಲಿ ಮೀನು ಮಾಡುವುದಿಲ್ಲ. ಹಾಗಾಗಿ ಅವತ್ತು ಭಾವನಿಗೂ ಬೈಕಿಗೂ ರಜೆ. ಆಯಿಲ್ ಬದಲಾಯಿಸಲು ಗ್ಯಾರೇಜಿಗೆ ಹೊರಟವನನ್ನು ನಾನೇ ನನ್ನ ಅಂಗಳದಲ್ಲಿ ಹಿಡಿದು ನಿಲ್ಲಿಸಿದೆ.

“ಗ್ಯಾರೇಜಿಗೆ ಕೊಡ್ತೇನೆ ಭಾವ, ನಿಮಗೆ ಯಾಕೆ ತೊಂದರೆ?”

“ಎಂತ ತೊಂದರೆ? ಬೈಲೂರಿನ ಏರಿನಲ್ಲಿ ಬಸ್ಸಿನ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿದವ ನಾನು. ಇದು ಬಸ್ಸಿನ ಮರಿ.”

“ಅವತ್ತು ಪ್ಯಾಸೆಂಜರುಗಳೆಲ್ಲ ನಡ್ಕೊಂಡೇ ಕಾರ್ಕಳ ಮುಟ್ಟಿದ್ರಂತೆ.”

“ಆರೋಗ್ಯಕ್ಕೆ ಒಳ್ಳೆಯದು.”

ಹಳೆಯ ಎಣ್ಣೆ ಇಳಿಸಿದೆ. ಎಂಜಿನಿನ ಪಕ್ಕದಲ್ಲಿ ಒಂದು ದುಂಡು ಮುಚ್ಚಳ, ಅದರೊಳಗೆ ಆಯಿಲ್ ಫಿಲ್ಟರು. ಮುಚ್ಚಳ ಹಿಡಿದು ನಿಲ್ಲಿಸುವುದಕ್ಕೆ ಮೂರು ಸಣ್ಣ ಬೋಲ್ಟು. ಬಿಚ್ಚಿದೆ, ಹೊಸ ಫಿಲ್ಟರು ಕೂರಿಸಿದೆ, ಮುಚ್ಚಳ ಇಟ್ಟೆ. ಇಲ್ಲಿಯವರೆಗೆ ಯಾವ ಕಂಪೆನಿಯ ಮೆಕ್ಯಾನಿಕ್ಕೂ ನನ್ನನ್ನು ಬೈಯುವ ಹಾಗಿರಲಿಲ್ಲ.

ಬಸ್ಸಿನವರ ಒಂದು ಕ್ರಮ ಉಂಟು. ಚಕ್ರದ ನಟ್ಟು ಬಿಗಿಯಾಯಿತು ಎಂದು ಅನಿಸಿದ ಮೇಲೆ ಸ್ಪ್ಯಾನರಿನ ಬಾಲಕ್ಕೆ ಒಂದು ಪೈಪು ಸಿಕ್ಕಿಸಿ ಇನ್ನೊಂದು ಎಳೆತ ಎಳೆಯಬೇಕು. ಆಗ ಅದು ‘ಕಿರ್’ ಎನ್ನುತ್ತದೆ. ಕಿರ್ ಎನ್ನದೆ ನಾನು ಒಂದು ದಿನವೂ ಬಸ್ಸು ಹೊರಡಿಸಿದವನಲ್ಲ. ಬೈಕಿನ ಬೋಲ್ಟು ಸಣ್ಣದು ಎಂದು ನಾನು ಪೈಪೂ ಸಣ್ಣದನ್ನೇ ಹುಡುಕಿದೆ. ಮೊದಲನೆಯದು ಕಿರ್ ಎಂದಿತು. ಎರಡನೆಯದು ಕಿರ್ ಎಂದಿತು. ಮೂರನೆಯದು ಕಿರ್ ಎಂದು, ತಕ್ಷಣ ನಿಟ್ಟುಸಿರು ಬಿಟ್ಟ ಹಾಗೆ ಹಗುರವಾಯಿತು.

ಬಿಗಿ ಮಾಡಿದ್ದಕ್ಕೆ ಸಡಿಲವಾಗುವ ವಸ್ತುವನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ಬಲಕ್ಕೆ ತಿರುಗಿಸಿದೆ, ತಿರುಗಿತು. ಎಡಕ್ಕೆ ತಿರುಗಿಸಿದೆ, ತಿರುಗಿತು. ಒಳಗೂ ಹೋಗದು, ಹೊರಗೂ ಬಾರದು, ಮಾವನ ಮನೆಯಲ್ಲಿ ಕೂತ ಅಳಿಯನ ಹಾಗೆ. ಕೊನೆಗೆ ಉಗುರಿನಲ್ಲಿ ಹಿಡಿದು ಎಳೆದರೆ ಸುಮ್ಮನೆ ಕೈಗೆ ಬಂತು. ಅದರ ಮೈಗೆ ಬೆಳ್ಳಿಯ ನೂಲು ಸುತ್ತಿದ ಹಾಗೆ ಒಂದು ಮಿಂಚುವ ಎಳೆ.

“ಇದೆಂತದು?” ಎಂದ ಭಾವ.

“ಪ್ಯಾಕಿಂಗ್. ಕಂಪೆನಿಯವರೇ ಹಾಕಿ ಕೊಡುದು.”

ಭಾವ ನಂಬಿದ. ಅವನ ಮುಖ ನೋಡಿ ನಾನೂ ನಂಬಿದೆ. ಬೋಲ್ಟನ್ನು ಹಾಗೆಯೇ ತೂತಿಗೆ ತಳ್ಳಿ, ಹೊಸ ಎಣ್ಣೆ ಹೊಯ್ದು, ಸ್ಟಾರ್ಟ್ ಮಾಡು ಎಂದೆ. ಮಾಡಿದ. ಮುಚ್ಚಳದ ಒಂದು ಬದಿಯಿಂದ ಎಣ್ಣೆ ಪಿಚಕಾರಿಯಂತೆ ಹಾರಿ ನನ್ನ ಪಂಚೆಯನ್ನೂ ಅಂಗಳವನ್ನೂ ಒಟ್ಟಿಗೆ ತೋಯಿಸಿತು. ಬಾಗಿಲಿನಲ್ಲಿ ನಿಂತಿದ್ದ ಹೆಂಡತಿ ಹೇಳಿದ್ದು ಇಷ್ಟೇ: “ಅಂಗಳ ತೊಳೆದದ್ದು ನಾನು ಇವತ್ತು ಬೆಳಿಗ್ಗೆ.”

ಬೋಲ್ಟು ಹಾಳಾಗಿದೆ ಎಂದು ತೀರ್ಮಾನಿಸಿ ನಾನು ಉಡುಪಿಗೆ ಹೋದೆ. ಅಲ್ಲಿ ನನಗೆ ಹಳೆಯ ಪರಿಚಯದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿ ಉಂಟು. ಅಂಗಡಿಯವರು ಬೋಲ್ಟನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು.

“ಬೋಲ್ಟಿಗೆ ಎಂತದೂ ಆಗ್ಲಿಲ್ಲ. ನಿಮ್ಮ ತೂತು ಹೋಗಿದೆ.”

“ತೂತು ಹೋಗುದು ಹೇಗೆ ಮಾರಾಯ್ರೆ? ತೂತು ಅಂದ್ರೇ ಏನೂ ಇಲ್ಲದ ಜಾಗ. ಇಲ್ಲದ್ದು ಎಲ್ಲಿಗೆ ಹೋಗ್ತದೆ?”

“ಅದರ ಒಳಗಿನ ಥ್ರೆಡ್ ಹೋದದ್ದು. ಬೋಲ್ಟು ಕಚ್ಚಿಕೊಳ್ಳುವ ಗೆರೆ ಇರ್ತದಲ್ಲ, ಅದು. ಎಂಜಿನ್ ಅಲ್ಯೂಮಿನಿಯಂ, ಬೋಲ್ಟು ಸ್ಟೀಲು. ನೀವು ಎಳೆದ ಎಳೆತಕ್ಕೆ ಗೆರೆಯೆಲ್ಲ ಕಿತ್ತು ಸುತ್ತಿಕೊಂಡು ಬಂದದ್ದು ಇದು.” ಬೆಳ್ಳಿಯ ಎಳೆಯನ್ನು ಉಗುರಿನಿಂದ ಕೆದಕಿ ತೋರಿಸಿದರು.

“ಹಾಗಾದ್ರೆ ಎಂತ ಮಾಡುದು?”

“ಶಿರ್ವದಲ್ಲಿ ಲೇತ್ ಮೆಷಿನಿನ ಪೊರ್ಬುಗಳು ಇದ್ದಾರಲ್ಲ, ಅವರ ಹತ್ತಿರ ಹೋಗಿ. ತೂತಿಗೆ ಸ್ಪ್ರಿಂಗು ಹಾಕಿ ಕೊಡ್ತಾರೆ. ಅದರ ಒಳಗೆ ಬೋಲ್ಟು ಹಾಕಿದ್ರೆ ಆಯ್ತು.”

ಅಲ್ಲಿಯವರೆಗೆ ನಾನು ಸ್ವಲ್ಪ ಸ್ವಲ್ಪ ನಂಬುತ್ತಿದ್ದೆ. ಸ್ಪ್ರಿಂಗು ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಹಿಂದೊಮ್ಮೆ ಇದೇ ಮನುಷ್ಯನ ಹತ್ತಿರ, ಬಸ್ಸಿನ ಹಾರ್ನಿಗೆ ತುಂಬಿಸುವ ಗಾಳಿ ಅರ್ಧ ಲೀಟರು ಬೇಕು, ಡಬ್ಬಿಯದ್ದು, ಎಂದು ಕೇಳಿ ಅವರನ್ನು ಗೋಡೌನಿಗೆ ಅಟ್ಟಿದ್ದೆ. ಧೂಳು ಮೆತ್ತಿಕೊಂಡು ಹೊರಗೆ ಬಂದು, ಸ್ಟಾಕ್ ಮುಗಿದಿದೆ, ನಾಳೆ ಬರ್ತದೆ ಎಂದಿದ್ದರು ಪಾಪ. ಇಷ್ಟು ವರ್ಷ ಕಾದು ಈಗ ತೀರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ತೂತಿಗೆ ಸ್ಪ್ರಿಂಗಂತೆ! ನಾನು ಶಿರ್ವಕ್ಕೆ ಹೋಗಿ ಸ್ಪ್ರಿಂಗು ಕೇಳಬೇಕು, ಪೊರ್ಬುಗಳು ಹೊಟ್ಟೆ ಹಿಡಿದು ನಗಬೇಕು, ಸಂಜೆ ಇಬ್ಬರೂ ಫೋನಿನಲ್ಲಿ ಮಾತಾಡಿಕೊಳ್ಳಬೇಕು. ನಾನೇ ಕಟ್ಟಿದ್ದರೂ ಇಷ್ಟು ಚೆನ್ನಾಗಿ ಕಟ್ಟುತ್ತಿದ್ದೆನೋ ಇಲ್ಲವೋ. ಒಂದು ಕಣ್ಣು ಮುಚ್ಚಿ ಅವರಿಗೆ ಸನ್ನೆ ಮಾಡಿ ಹೊರಬಂದೆ. ಅವರು ಬಾಯಿ ಬಿಟ್ಟು ನೋಡುತ್ತಲೇ ಇದ್ದರು. ನಟನೆಯೂ ಚೆನ್ನಾಗಿದೆ ಅನಿಸಿತು.

ಪಕ್ಕದ ಅಂಗಡಿಯಲ್ಲಿ ನೀರಿನ ಪೈಪಿಗೆ ಸುತ್ತುವ ಬಿಳಿ ಟೇಪು ತೆಗೆದುಕೊಂಡೆ. ಬೋಲ್ಟಿಗೆ ದಪ್ಪವಾಗಿ ಸುತ್ತಿ ತೂತಿಗೆ ಒತ್ತಿ ತಿರುಗಿಸಿದರೆ ಗಟ್ಟಿಯಾಗಿ ಕೂತಿತು. ಸ್ಟಾರ್ಟ್ ಮಾಡಿದೆವು, ಒಂದು ಹನಿ ಇಲ್ಲ. ಭಾವನ ಹೆಗಲಿಗೆ ಕೈ ಹಾಕಿ, “ನಿನ್ನ ಭಾವ ಎಂಜಿನಿಯರ್ ಆಗ್ಬೇಕಿತ್ತು” ಎಂದೆ. “ಆಗಿದ್ರೆ ಸೇತುವೆಯೆಲ್ಲ ಟೇಪಿನಲ್ಲಿ ನಿಲ್ತಿತ್ತು” ಎಂದ. ನಗುತ್ತಲೇ ಕಾಪುವಿಗೆ ಹೋದ.

ಮಂಗಳವಾರ ಬೆಳಿಗ್ಗೆ ಅವನ ಫೋನು ಬಂತು. “ಭಾವ, ಬೈಕು ನಿಂತಿದೆ. ಮಣಿಪಾಲ ದಾಟಿ ಪರ್ಕಳದಲ್ಲಿ ಇದ್ದೇನೆ. ನಿಮಗೆ ತೊಂದರೆ ಇಲ್ಲ ಅಂದ್ರೆ ಸ್ವಲ್ಪ ಬರ್ತೀರಾ?”

ತಮಾಷೆ ಇಲ್ಲ, ಬೈಗುಳ ಇಲ್ಲ. ಉಟ್ಟ ಪಂಚೆಯಲ್ಲೇ ಹೊರಟು ಬಸ್ಸು ಹಿಡಿದೆ.

ಎಂಜಿನು ಬಿಸಿಯಾದದ್ದೇ ಟೇಪು ಮೆತ್ತಗಾಗಿ, ಬೋಲ್ಟು ಹಾರಿ, ಕುದಿಯುವ ಎಣ್ಣೆ ಅವನ ಬಲಗಾಲಿನ ಮೇಲೆ ಚೆಲ್ಲಿತ್ತು. ಕೂಡಲೇ ಎಂಜಿನು ನಿಲ್ಲಿಸಿದ್ದರಿಂದ ಅದು ಉಳಿಯಿತು. ನಾನು ಹೋದಾಗ ಮೀನನ್ನೆಲ್ಲ ಅಲ್ಲಿಯ ಒಂದು ಹೋಟೆಲಿಗೆ ಹಾಕಿ, ಖಾಲಿ ಪೆಟ್ಟಿಗೆಯ ಮೇಲೆ ಕೂತಿದ್ದ. ಪಾದದ ಗಂಟಿನ ಮೇಲೆ ಕೆಂಪಗೆ ಬೊಬ್ಬೆ ಎದ್ದಿತ್ತು. ಮಣಿಪಾಲದಲ್ಲಿ ಡಾಕ್ಟರಿಗೆ ತೋರಿಸಿದೆವು. ಬ್ಯಾಂಡೇಜು ಸುತ್ತಿ, ನೀರು ತಾಗಿಸಬೇಡಿ, ಎರಡು ದಿನ ಕಾಲೂರಿ ತಿರುಗಬೇಡಿ ಎಂದರು. ಮೀನಿನವನಿಗೆ ನೀರು ತಾಗಿಸಬೇಡ ಎನ್ನುವುದು, ಡ್ರೈವರನಿಗೆ ರಸ್ತೆ ನೋಡಬೇಡ ಎಂದ ಹಾಗೆ.

ಬೈಕನ್ನು ಗೂಡ್ಸ್ ಟೆಂಪೋದಲ್ಲಿ ಹಾಕಿಕೊಂಡು ಬರುವಾಗ ನಾನು ಒಂದೆರಡು ಚಟಾಕಿ ಹಾರಿಸಿ ನೋಡಿದೆ. ತಿರುಗಿ ಕಾಲೆಳೆಯುವ ಬದಲು ಅವನು ಫೋನು ತೆಗೆದು ನೋಡಿದ. ಆಮೇಲೆ ಹೇಳಿದ:

“ಪಿಕಪ್‌ನವ ಇವತ್ತು ಒಳಗೆ ಹೋಗಿದ್ದಾನಂತೆ. ಮೇಲಿನ ಮನೆಯವರು ಫೋನ್ ಮಾಡಿದ್ರು. ನಾಳೆಯೂ ಹೋದ್ರೆ ಮುಗೀತು ಭಾವ.”

ಟೆಂಪೋದವನಿಗೆ ಇನ್ನಂಜೆ ಬೇಡ, ಶಿರ್ವಕ್ಕೆ ತಿರುಗಿಸು ಎಂದೆ. ಸ್ಪ್ರಿಂಗಿನ ಮಾತು ತಮಾಷೆಯೇ ಇರಲಿ, ನಗುವವರು ನಗಲಿ ಎಂದುಕೊಂಡೆ.

ಪೊರ್ಬುಗಳೆಂದರೆ ನಮ್ಮಲ್ಲಿ ಕೊಂಕಣಿ ಕ್ರಿಶ್ಚಿಯನ್ನರನ್ನು ಕರೆಯುವ ಗೌರವದ ಮಾತು, ಒಬ್ಬರೇ ಇದ್ದರೂ ಬಹುವಚನ. ಈ ಪೊರ್ಬುಗಳು ಶಿರ್ವದ ಪೇಟೆ ಬದಿಯಲ್ಲಿ ಕಬ್ಬಿಣ ಕಡೆಯುವ ಲೇತ್ ಇಟ್ಟವರು, ನನ್ನದೇ ಪ್ರಾಯ, ನನ್ನದೇ ಬಾಯಿ. ಇವರ ವಿಷಯದಲ್ಲಿ ನನ್ನ ಬಾಕಿ ದೊಡ್ಡದಿತ್ತು. ಬಸ್ಸಿನ ಕಾಲದಲ್ಲಿ ಒಮ್ಮೆ ಫೋನಿನಲ್ಲಿ ಸ್ವರ ಬದಲಾಯಿಸಿ, ದುಬೈಯಿಂದ ಬಂದ ದೊಡ್ಡ ಮನೆಯವರಂತೆ ಮಾತಾಡಿ, ತೆಂಗಿನಕಾಯಿ ತುರಿಯಲು ಎರಡು ಗೇರಿನ ಹೆರೆಮಣೆ ಬೇಕು ಎಂದು ಆರ್ಡರು ಕೊಟ್ಟಿದ್ದೆ. ಫಸ್ಟ್ ಗೇರ್ ಎಳೆ ಕಾಯಿಗೆ, ಸೆಕೆಂಡ್ ಗೇರ್ ಬಲಿತ ಕಾಯಿಗೆ. ಅವರು ಮಾಡಿಯೇ ಬಿಟ್ಟರು! ಗುಟ್ಟು ರಟ್ಟಾದ ಮೇಲೆ ಹಣ ಕೊಟ್ಟು ನಾನೇ ತರಬೇಕಾದ ಅದು ಈಗಲೂ ನಮ್ಮ ಅಡುಗೆಮನೆಯಲ್ಲಿ ಉಂಟು.

ನನ್ನನ್ನು ಕಂಡದ್ದೇ ಅವರು ಕೇಳಿದರು: “ಡ್ರೈವರ್ರೇ, ಹೆರೆಮಣೆ ಹೇಗುಂಟು?”

“ನ್ಯೂಟ್ರಲ್‌ನಲ್ಲೇ ನಿಲ್ತದೆ ಅಂತ ಹೆಂಡತಿ ಹೇಳ್ತಾಳೆ.”

“ಕ್ಲಚ್ ಒತ್ತಲಿಕ್ಕೆ ಹೇಳಿ.” ಬಗ್ಗಿ ಬೈಕಿನ ತೂತಿನೊಳಗೆ ಟಾರ್ಚು ಬಿಟ್ಟರು. “ಯಾರು ಎಳೆದದ್ದು ಇದನ್ನು? ಆನೆಯಾ?”

ಭಾವ ನನ್ನತ್ತ ಕೈ ತೋರಿಸಿದ.

ಪೊರ್ಬುಗಳು ತಾವು ಮಾಡಲಿರುವ ಕೆಲಸವನ್ನು ವಿವರಿಸಿದರು. ಹಾಳಾದ ತೂತನ್ನು ಇನ್ನೂ ದೊಡ್ಡದು ಮಾಡುವುದು. ಗೆರೆ ಕೊರೆಯುವ ಉಳಿಗೆ, ಅಂದರೆ ಟ್ಯಾಪಿಗೆ, ಗ್ರೀಸು ಮೆತ್ತಿ ಹೊಸ ಗೆರೆ ಕೊರೆಯುವುದು. ಅದರೊಳಗೆ ಸ್ಪ್ರಿಂಗಿನಂಥ ಸ್ಟೀಲಿನ ತಂತಿ ಸುರುಳಿಯೊಂದನ್ನು ತಿರುಗಿಸಿ ಇಳಿಸುವುದು. ಇಳಿದ ಮೇಲೆ ಅದರ ಬಾಲ ಮುರಿಯುವುದು. ಹಳೆಯ ಬೋಲ್ಟು ಆ ಸುರುಳಿಯೊಳಗೆ ಕೂರುತ್ತದೆ, ಮೊದಲಿಗಿಂತ ಗಟ್ಟಿಯಾಗಿ.

ನೀವೇ ಹೇಳಿ. ಹಾಳಾದದ್ದನ್ನು ದೊಡ್ಡದು ಮಾಡಿ, ಗ್ರೀಸು ಮೆತ್ತಿ, ಸ್ಪ್ರಿಂಗು ತುರುಕಿ, ಅದರ ಬಾಲ ಮುರಿದರೆ ಮೊದಲಿಗಿಂತ ಗಟ್ಟಿಯಾಗುತ್ತದೆ ಎಂದರೆ ಹೆರೆಮಣೆಗೆ ಗೇರು ಹಾಕಿಸಿದ ಮನುಷ್ಯ ನಂಬಬೇಕೇ? ನಾನು ಮುಗುಳ್ನಕ್ಕು ತಲೆ ಆಡಿಸಿದೆ.

“ನಗುದು ಎಂತಕ್ಕೆ?” ಎಂದರು.

“ಇಲ್ಲ, ಚೆನ್ನಾಗಿ ಹೇಳಿದ್ರಿ. ಉಡುಪಿಯವರು ಮೊದಲೇ ಫೋನ್ ಮಾಡಿದ್ರು ಅಲ್ವಾ?”

“ಯಾರು ಉಡುಪಿಯವರು?”

“ಆಯ್ತು, ಆಯ್ತು.”

ಪೊರ್ಬುಗಳು ಭಾವನ ಕಡೆ ತಿರುಗಿ, ಇವರಿಗೂ ಎಣ್ಣೆ ತಾಗಿದೆಯಾ, ತಲೆಗೆ, ಎಂದು ಕೇಳಿದರು. ಆಮೇಲೆ, ಆ ಅಳತೆಯ ಸುರುಳಿ ತಮ್ಮ ಹತ್ತಿರ ಮುಗಿದಿದೆ, ನಾಳೆ ತರಿಸಿ ನಾಡಿದ್ದು ಹಾಕಿ ಕೊಡುವುದು ಎಂದರು. ಭಾವನ ಮುಖ ಇಳಿಯಿತು. ಇನ್ನೊಂದು ದಿನ ಹಾರ್ನು ಕೇಳಿಸದಿದ್ದರೆ ಬಜಗೋಳಿ ಅವನದಲ್ಲ.

“ನಾಳೆ ನಾನು ಹೋಗ್ತೇನೆ,” ಎಂದೆ. “ಬಸ್ಸಿನಲ್ಲಿ.”

“ಭಾವ, ಇದು ತಮಾಷೆ ಮಾಡುವ ಹೊತ್ತಲ್ಲ.”

ಅಲ್ಲಿಂದಲೇ ಶುರುವಾಯಿತು ನೋಡಿ. ನಾನು ನಿಜ ಹೇಳುವುದು, ಅವರು ಅದನ್ನು ತಮಾಷೆ ಎನ್ನುವುದು.

ಬುಧವಾರ ಬಂದರಿನಿಂದ ಉಡುಪಿ ಸ್ಟ್ಯಾಂಡಿಗೆ ಪೆಟ್ಟಿಗೆ ತರಿಸಿಕೊಂಡೆ. ಡ್ರೈವರು ನನ್ನ ಕೈಕೆಳಗೆ ಪಳಗಿದವನು, ಪೆಟ್ಟಿಗೆಯನ್ನು ಹಿಂದಿನ ಡಿಕ್ಕಿಗೆ ಹಾಕಿ ಹತ್ತಿಸಿಕೊಂಡ. ಬಜಗೋಳಿಯಲ್ಲಿ ಇಳಿದು ಒಂದು ಆಟೋ ಮಾಡಿದೆ. ಭಾವನ ಬೈಕಿನಿಂದ ಬಿಚ್ಚಿ ತಂದ ರಬ್ಬರ್ ಚೆಂಡಿನ ಹಾರ್ನು ನನ್ನ ಕೈಯಲ್ಲಿತ್ತು. ಒಂದು ಉದ್ದ, ಎರಡು ಗಿಡ್ಡ, ಮತ್ತೆ ಒಂದು ಉದ್ದ. ತಾಳವನ್ನು ಭಾವ ಬಾಯಿಯಲ್ಲೇ ಕಲಿಸಿ ಕಳಿಸಿದ್ದ.

ಪೋಂ... ಪೊಂಪೊಂ... ಪೋಂ. ಎರಡು ಗೇಟು ತೆರೆದವು. ತಟ್ಟೆ ಹಿಡಿದ ಹೆಂಗಸರು ಹೊರಗೆ ಬಂದರು. ಬೈಕಿನ ಬದಲು ಆಟೋ, ಆಟೋದಲ್ಲಿ ನಾನು. ತಟ್ಟೆಗಳು ಬೆನ್ನ ಹಿಂದೆ ಹೋದವು.

ಅವರ ತಪ್ಪಲ್ಲ. ಕೊನೆಯ ಕೆಲವು ವರ್ಷ ನನ್ನ ಬಸ್ಸು ಬಜಗೋಳಿಯವರೆಗೂ ಬರುತ್ತಿತ್ತು. ಒಂದು ದಿನ ಬಸ್ಸು ಇವತ್ತು ರಿವರ್ಸಿನಲ್ಲೇ ಕಾರ್ಕಳಕ್ಕೆ ಹೋಗುವುದು, ಮುಂದೆ ಕೂತವರೆಲ್ಲ ಹಿಂದೆ ಬನ್ನಿ ಎಂದು ಹೇಳಿ ಇಡೀ ಬಸ್ಸನ್ನು ಎಬ್ಬಿಸಿ ಕೂರಿಸಿದ್ದೆ. ಎದ್ದು ಕೂತವರಲ್ಲಿ ಇವರೂ ಇದ್ದರು.

“ಓ, ಡ್ರೈವರು! ಈ ಸಲ ಎಂತ ನಾಟಕ?”

“ನಾಟಕ ಅಲ್ಲಮ್ಮ, ಬಂಗುಡೆ.”

“ಪೆಟ್ಟಿಗೆಯಲ್ಲಿ ಕಲ್ಲು ಉಂಟು ಕಾಣ್ತದೆ.”

ಮುಚ್ಚಳ ತೆರೆದು ತೋರಿಸಿದೆ.

“ಮೇಲೆ ಮೀನು, ಕೆಳಗೆ ಎಂತದೋ! ಮೊಬೈಲು ಎಲ್ಲಿ ಅಡಗಿಸಿ ಇಟ್ಟಿದ್ದೀರಿ? ಈಗ ಇದನ್ನೆಲ್ಲ ವಿಡಿಯೋ ಮಾಡಿ ಹಾಕ್ತಾರೆ, ನಮಗೆ ಗೊತ್ತುಂಟು.”

ನಾನು ನಿಜ ಹೇಳಿದೆ. ಮೀನಿನವನು ನನ್ನ ಭಾವ, ಬಿಗಿ ಮಾಡುವಾಗ ಬೋಲ್ಟು ಸಡಿಲವಾಯಿತು, ತೂತು ಹೋಯಿತು, ಟೇಪು ಸುತ್ತಿದೆ, ಎಣ್ಣೆ ಕಾಲಿಗೆ ಚೆಲ್ಲಿತು, ಈಗ ಶಿರ್ವದಲ್ಲಿ ತೂತಿಗೆ ಸ್ಪ್ರಿಂಗು ಹಾಕುತ್ತಾರೆ. ಹೇಳುತ್ತ ಹೋದ ಹಾಗೆ ಅವರ ನಗು ಹೆಚ್ಚಾಯಿತು. ಕೇಳಿದಷ್ಟೂ ಅದು ಸುಳ್ಳಿನ ಹಾಗೆಯೇ ಕೇಳಿಸುತ್ತಿತ್ತು, ನನಗೇ. ನಲವತ್ತು ವರ್ಷ ಸುಳ್ಳು ಹೇಳಿ ಜನರನ್ನು ಬಸ್ಸಿನಿಂದ ಇಳಿಸಿದ್ದೇನೆ, ಹತ್ತಿಸಿದ್ದೇನೆ. ಒಂದು ನಿಜ ಹೇಳಿ ಒಂದು ಬಂಗುಡೆ ಮಾರಲು ಆಗಲಿಲ್ಲ. ಸುಳ್ಳಿಗೆ ಹಾಕುವ ಮುಖ ಯಾವುದು, ನಿಜಕ್ಕೆ ಹಾಕುವ ಮುಖ ಯಾವುದು ಎಂಬುದೇ ಮರೆತುಹೋದಂತಾಗಿ, ಆಟೋದ ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡೆ. ಎರಡೂ ಒಂದೇ ಮುಖ.

ಅಷ್ಟರಲ್ಲಿ ದೂರದಿಂದ ಪಿಕಪ್ಪಿನ ಮೈಕು ಕೇಳಿಸಿತು. ‘ಬಂಗುಡೆ, ಬೂತಾಯಿ, ತಾಜಾ ತಾಜಾ...’

ಮುಂದಿನ ತಿರುವಿನಲ್ಲಿ ಒಬ್ಬರು ಅಜ್ಜಿ ಗೇಟಿನ ಹತ್ತಿರ ನಿಂತಿದ್ದರು. ಭಾವನ ಹಾರ್ನಿಗೆ ದಿನಾ ಮೊದಲು ಬರುವವರು ಅವರೇ ಎಂದು ಅವನು ಹೇಳಿದ್ದ. ಅವರಿಗೂ ಕಥೆ ಹೇಳಿದೆ, ಈ ಸಲ ನಗಿಸುವ ಜಾಗಗಳನ್ನು ಬಿಟ್ಟು. ಆಗ ಅವರ ಮನೆಯ ಹಳದಿ ಬೆಕ್ಕು ಗೋಡೆಯಿಂದ ಹಾರಿ, ಆಟೋಕ್ಕೆ ಹತ್ತಿ, ಪೆಟ್ಟಿಗೆಯ ಪಕ್ಕದಲ್ಲಿ ಕೂತು ಮಿಯಾಂವ್ ಎಂದಿತು. “ಬೆಕ್ಕಿಗೆ ಸುಳ್ಳು ಗೊತ್ತಿಲ್ಲ,” ಎಂದು ಅಜ್ಜಿ ಒಳಗೆ ಹೋಗಿ ತಟ್ಟೆ ತಂದರು. ಮೀನು ಹಾಕಿಸಿಕೊಂಡು, ಆಚೆ ಮನೆಯವರಿಗೆ ಕೂಗಿ ಹೇಳಿದರು: “ಬನ್ನಿಯಾ, ನಮ್ಮವನದ್ದೇ ಮೀನು! ಅವನಿಗೆ ಕಾಲು ಸುಟ್ಟಿದೆಯಂತೆ!”

ಆಮೇಲೆ ಬಂದರು ನೋಡಿ, ನಕ್ಕವರೂ ಬಂದರು. ಪಿಕಪ್ಪು ತಿರುವಿನಲ್ಲಿ ನಿಂತಿತು. ಆಟೋದ ಸುತ್ತ ತಟ್ಟೆಗಳನ್ನು ನೋಡಿತು. ಮೈಕು ಆರಿಸಿ, ಮೇಲಿನ ದಾರಿಗೆ ಹೋಯಿತು. ತೂಕ ಮಾಡಲು ನನಗೆ ಬಾರದು. ಕಡಿಮೆಯಾಯಿತೋ ಎಂಬ ಹೆದರಿಕೆಗೆ ಪ್ರತಿಯೊಬ್ಬರಿಗೂ ಒಂದೆರಡು ಮೀನು ಹೆಚ್ಚೇ ಹಾಕಿದೆ.

ಬುಧವಾರ ಹಾರ್ನು ಕೇಳಿಸಿದ್ದರಿಂದ ಗುರುವಾರ ಒಂದು ದಿನ ಬಿಟ್ಟರೂ ಲೈನು ಹೋಗದು ಎಂದು, ನಾನೂ ಭಾವನೂ ಶಿರ್ವದಲ್ಲಿ ಲೇತಿನ ಎದುರು ಕೂತೆವು. ಪೊರ್ಬುಗಳು ಬೈಕನ್ನು ವಾಲಿಸಿ ಕಟ್ಟಿ, ಫಿಲ್ಟರಿನ ಗುಂಡಿಗೆ ಪುಡಿ ಬೀಳದ ಹಾಗೆ ಬಟ್ಟೆ ತುರುಕಿದರು. ಡ್ರಿಲ್ಲು ನೆಟ್ಟಗೆ ನಿಂತಿದೆಯೇ ಎಂದು ಮೂಲೆಮಟ್ಟ ಇಟ್ಟು ನೋಡಿ ತೂತು ದೊಡ್ಡದು ಮಾಡಿದರು. ಟ್ಯಾಪಿಗೆ ಗ್ರೀಸು ಮೆತ್ತಿದರು. ಅರ್ಧ ಸುತ್ತು ಮುಂದೆ, ಸ್ವಲ್ಪ ಹಿಂದೆ, ಮತ್ತೆ ಅರ್ಧ ಮುಂದೆ. ಪ್ರತಿ ಸಲ ಗ್ರೀಸಿನಲ್ಲಿ ಅಲ್ಯೂಮಿನಿಯಂ ಪುಡಿ ಅಂಟಿಕೊಂಡು ಬರುತ್ತಿತ್ತು. ಹಾಗಾದರೆ ಗ್ರೀಸು ಸುಳ್ಳಲ್ಲ. ಆಮೇಲೆ ಪೊಟ್ಟಣದಿಂದ ಪುಟ್ಟ ತಂತಿ ಸುರುಳಿ ತೆಗೆದರು. ಬಾಲ್‌ಪೆನ್ನಿನ ಸ್ಪ್ರಿಂಗಿನ ದಪ್ಪ ಅಣ್ಣ ಅಂದುಕೊಳ್ಳಿ. ತುದಿಯಲ್ಲಿ ಸಣ್ಣ ಬಾಲ. ಆ ಬಾಲವನ್ನು ಹಿಡಿಯುವ ಕಡ್ಡಿಯಿಂದ ತಿರುಗಿಸಿ ತೂತಿನೊಳಗೆ ಇಳಿಸಿದರು. ಇನ್ನು ನಗುತ್ತಾರೆ ಎಂದು ನಾನು ಕಾದೆ. ನಗಲಿಲ್ಲ. ಕಡ್ಡಿಯ ಮೇಲೆ ಟಕ್ ಎಂದು ಒಂದು ಪೆಟ್ಟು ಕೊಟ್ಟು, ಮುರಿದ ಬಾಲವನ್ನು ಮೊನೆ ಇಕ್ಕಳದಲ್ಲಿ ಹಿಡಿದು ತೆಗೆದು ನನ್ನ ಅಂಗೈಯಲ್ಲಿ ಇಟ್ಟರು.

“ಇನ್ನು ನೀವೇ ಬಿಗಿ ಮಾಡಿ.”

“ನಾನಾ?”

“ಮತ್ತೆ? ಇನ್ನೊಮ್ಮೆ ಹಾಳು ಮಾಡುದಾದ್ರೆ ನನ್ನ ಎದುರೇ ಮಾಡಿ. ಪೈಪು ಗೀಪು ಬೇಡ. ಸ್ಪ್ಯಾನರನ್ನು ತಲೆಯ ಹತ್ತಿರ ಹಿಡೀರಿ. ಕಿರ್ ಅನ್ನುವ ಮೊದಲೇ ನಿಲ್ಲಿಸಿ.”

“ಕಿರ್ ಅನ್ನದಿದ್ರೆ, ಅದರ ಮೊದಲು ಯಾವುದು ಅಂತ ಗೊತ್ತಾಗುದು ಹೇಗೆ?”

ಪೊರ್ಬುಗಳು ತಲೆ ಕೆರೆದರು. “ಅದು ಹೇಳ್ಲಿಕ್ಕೆ ಬರುದಿಲ್ಲ. ನನಗೂ ಎರಡು ಎಂಜಿನ್ ಹಾಳಾದ ಮೇಲೆ ಗೊತ್ತಾದದ್ದು.”

ಆಗ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದ ಭಾವ ಬಾಯಿ ಬಿಟ್ಟ. “ಭಾವ, ಮದುವೆ ಮನೆಯಲ್ಲಿ ಮಾತು ಎಲ್ಲಿ ನಿಲ್ಲಿಸ್ಬೇಕು ಅಂತ ನಿಮಗೆ ಗೊತ್ತುಂಟಾ?”

“ಇಲ್ಲ.”

“ಹಾಗಾದ್ರೆ ಕಷ್ಟ ಉಂಟು ಪೊರ್ಬುಗಳೇ. ಇನ್ನೊಂದು ಸ್ಪ್ರಿಂಗು ತರಿಸಿಯೇ ಇಡಿ.”

ಕಾಲೆಳೆಯುವ ಕ್ರಮ ಮರಳಿ ಬಂತಲ್ಲ ಎಂದುಕೊಂಡು ಬೈಕಿನ ಎದುರು ಕೂತೆ. ಬೋಲ್ಟನ್ನು ಬೆರಳಲ್ಲೇ ತಿರುಗಿಸಿದೆ. ನುಣ್ಣಗೆ ಇಳಿಯಿತು, ತಳ ಮುಟ್ಟಿತು. ಸ್ಪ್ಯಾನರು ಹಾಕಿದೆ. ಬೋಲ್ಟು ಸ್ವಲ್ಪ ತಿರುಗಿ, ಹಿಡಿದು ನಿಂತಿತು. ಇನ್ನೊಂದು ಎಳೆತಕ್ಕೆ ಮೊಣಕೈ ತಾನಾಗಿಯೇ ಎದ್ದಿತು. ಎಡಗೈಯಲ್ಲಿ ಅದನ್ನು ಹಿಡಿದುಕೊಂಡೆ. ನಿಲ್ಲಿಸಿದೆ. ಸಾಕೋ, ಕಡಿಮೆಯೋ, ದೇವರಾಣೆಗೂ ಗೊತ್ತಾಗಲಿಲ್ಲ.

ಎಣ್ಣೆ ಹೊಯ್ದು ಸ್ಟಾರ್ಟ್ ಮಾಡಿದರು. ಕೆಳಗೆ ಒಂದು ರಟ್ಟು ಹಾಸಿ ಎಂಜಿನು ಚೆನ್ನಾಗಿ ಬಿಸಿಯಾಗುವವರೆಗೆ ಮೂವರೂ ಬಗ್ಗಿ ನೋಡಿದೆವು. ರಟ್ಟು ಒಣಗಿಯೇ ಇತ್ತು. ನಾನು ಉಡುಪಿಯ ಅಂಗಡಿಯವರಿಗೆ ಫೋನು ಮಾಡಿ, “ಸ್ಪ್ರಿಂಗು ನಿಜವಂತೆ” ಎಂದೆ. “ನಿಜವಲ್ಲದೆ ಮತ್ತೆ ನಾನು ಸುಳ್ಳು ಹೇಳಿದ್ದಾ? ಇದು ಎಂತ ಹೊಸ ತಮಾಷೆ?” ಎಂದು ಅವರು ಇಟ್ಟುಬಿಟ್ಟರು.

ಶುಕ್ರವಾರ ಭಾವ ಬ್ಯಾಂಡೇಜಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹೊರಟ. ನಾನು ಮಧ್ಯಾಹ್ನದವರೆಗೆ ಅಂಗಳದಲ್ಲೇ ತಿರುಗಾಡಿದೆ. ಊಟದ ಹೊತ್ತಿಗೆ ಫೋನು ಬಂತು.

“ಮೇಲಿನ ನಾಲ್ಕು ಮನೆ ಪಿಕಪ್ಪಿಗೆ ಹೋಯ್ತು ಭಾವ. ಬಾಕಿ ಎಲ್ಲ ಉಂಟು. ಆದ್ರೆ ಒಂದು ತೊಂದರೆ.”

“ಎಂತ? ಎಣ್ಣೆಯಾ?”

“ಎಣ್ಣೆ ಅಲ್ಲ. ಎಲ್ಲರೂ ಕೇಳ್ತಾರೆ, ನಿಮ್ಮ ಭಾವ ಇನ್ನು ಯಾವಾಗ ಬರುದು, ಅವರ ತೂಕ ಒಳ್ಳೆಯದಿತ್ತು ಅಂತ.”

ಇಷ್ಟೇ ನಡೆದದ್ದು. ತೂತಿಗೆ ಸ್ಪ್ರಿಂಗು ಹಾಕುವುದು ನಿಜ, ಬೇಕಾದರೆ ಯಾವ ಲೇತಿನವರನ್ನಾದರೂ ಕೇಳಿ. ಹೆರೆಮಣೆ ನಿಜ, ಪಾಸ್‌ಪೋರ್ಟೂ ನಿಜ. ಒಂದೇ ಒಂದು ವಿಷಯ ನಾನು ಕಟ್ಟಿದ್ದು, ಆ ಬೆಕ್ಕು. ಬಜಗೋಳಿಯ ಆ ಗೇಟಿನ ಹತ್ತಿರ ಬೆಕ್ಕು ಇರಲಿಲ್ಲ. ಅಜ್ಜಿ ಪೂರ್ತಿ ಕೇಳಿದರು, ನನ್ನ ಮುಖವನ್ನು ಒಮ್ಮೆ ನೋಡಿದರು, “ಹೌದಾ? ಪಾಪ” ಎಂದು ತಟ್ಟೆ ತರಲು ಒಳಗೆ ಹೋದರು. ಬಸ್ಸಿನಲ್ಲಿ ನಾನು ಎಬ್ಬಿಸಿ ಹಿಂದೆ ಕೂರಿಸಿದವರಲ್ಲಿ ಅವರೂ ಒಬ್ಬರು. ಹಾಗಿದ್ದೂ ಯಾಕೆ ನಂಬಿದರು ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ನನ್ನ ಮಾತನ್ನು ಒಬ್ಬರು ಸುಮ್ಮನೆ ನಂಬಿದರು ಎಂದು ಬರೆದರೆ ನೀವು ನಂಬಲಿಕ್ಕಿಲ್ಲ ಎಂದು ಅಲ್ಲಿ ಬೆಕ್ಕನ್ನು ಕೂರಿಸಿದೆ.